ಬಣ್ಣಕ್ಕೆ ಮುಂಚೆ

ಹಳೆಯ ಕಾರಿಗೆ ಹೊಸ ಬಣ್ಣ ಮಾಡಿಸುತ್ತಿದ್ದೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಯಾವ ಬಣ್ಣ ಎಂದು. ಅದು ಕೊನೆಗೆ ಬರುವ ಮಾತು. ಸ್ಪ್ರೇ ಗನ್ ಹಿಡಿದು ಇಡೀ ಕಾರಿಗೆ ಬಣ್ಣ ಹೊಡೆಯಲು ಪಳಗಿದವರಿಗೆ ಒಂದು ಮಧ್ಯಾಹ್ನ ಸಾಕು. ಆ ಮಧ್ಯಾಹ್ನಕ್ಕಾಗಿ ಮೈಯನ್ನು ಹದಕ್ಕೆ ತರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನನಗೆ ಪ್ರೀತಿ ಇರುವುದು ಈ ತಿಂಗಳುಗಳ ಮೇಲೆ. ಬಂಪರ್ ಇಲ್ಲ, ಗ್ರಿಲ್ ಇಲ್ಲ, ದೀಪಗಳಿದ್ದ ಕಡೆ ಎರಡು ತೂತು, ಮೈತುಂಬ ಬೂದು ಬಣ್ಣದ ಪ್ರೈಮರ್. ಹೀಗೆ ನಿಂತ ಕಾರನ್ನು ನೋಡಿ ಅಯ್ಯೋ ಪಾಪ ಎನ್ನುವವರಿದ್ದಾರೆ. ನನ್ನ ಕಣ್ಣಿಗೆ ಅದು ಆಗಲೇ ಚೆಂದ. ಹೊಳಪು ಬಂದ ಮೇಲೆ ಕಾರು ನೋಡುವವರದ್ದಾಗುತ್ತದೆ. ಬೂದು ಬಣ್ಣದಲ್ಲಿರುವಷ್ಟು ದಿನ ಅದು ಮುಟ್ಟುವವರದ್ದು.

ನನ್ನ ಬಳಿ ಇರುವುದು 1965ರ ಎಂಜಿಬಿ. ಇಬ್ಬರು ಕೂರುವ, ಛಾವಣಿ ಬಿಚ್ಚಿ ಓಡಿಸುವ ಸ್ಪೋರ್ಟ್ಸ್ ಕಾರು. ಈ ಮಾದರಿ 1962ರಲ್ಲಿ ಬಂದು 1980ರ ಅಕ್ಟೋಬರ್‌ನಲ್ಲಿ ನಿಂತಿತು. ಅಷ್ಟರೊಳಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಿದ್ದಿದ್ದವು. ಥೇಮ್ಸ್ ದಂಡೆಯ ಆ ಪಟ್ಟಣ, ಇಂಗ್ಲೆಂಡಿಗೆ ಬಂದ ಮೇಲೆ ನಾವು ಮನೆ ಮಾಡಿದ ಊರಿಗೆ ಹತ್ತಿರವೇ ಇದೆ. ಇದಕ್ಕೂ ಹಿಂದಿನ ಎಂಜಿಎ ಕಾರಿಗೆ ಚಾಸಿ ಬೇರೆ, ಮೈ ಬೇರೆ. ಎಂಜಿಬಿಯಲ್ಲಿ ತಗಡೇ ಎಲುಬು. ಛಾವಣಿಯ ಆಸರೆ ಇಲ್ಲದ್ದರಿಂದ ಬಿಗಿಯೆಲ್ಲ ಬಾಗಿಲ ಕೆಳಗೆ ಉದ್ದಕ್ಕೆ ಹಾದುಹೋಗುವ ಸಿಲ್‌ಗಳಲ್ಲಿದೆ. ಅಲ್ಲಿ ತುಕ್ಕು ಹೊಕ್ಕರೆ ಕಾರಿನ ನಡು ಬಾಗುತ್ತದೆ, ಬಾಗಿಲು ಚೌಕಟ್ಟಿಗೆ ಉಜ್ಜತೊಡಗುತ್ತದೆ. ಬಣ್ಣಕ್ಕೆ ಅಣಿ ಮಾಡುವ ಕೆಲಸ ಹಾಗಾಗಿ ಎಲುಬಿನಿಂದಲೇ ಶುರುವಾಗಬೇಕು.

ಕಳಚುವುದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ದೀಪ, ಹಿಡಿ, ಪಕ್ಕದ ಹೊಳೆಯುವ ಪಟ್ಟಿ, ಎಲ್ಲ ಬಿಚ್ಚಿ, ಒಂದೊಂದರ ಸ್ಕ್ರೂಗಳನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದಿಟ್ಟರೆ ಆಯಿತು. ಆದರೆ ಮರಳು ಕಾಗದ ಮುಟ್ಟುವುದಕ್ಕೂ ಮೊದಲು ಇಡೀ ಮೈಯನ್ನು ಸಾಲ್ವೆಂಟ್ ಹಾಕಿ ಒರೆಸಿ ಜಿಡ್ಡು ತೆಗೆಯಬೇಕು. ಇದನ್ನು ಒತ್ತಿ ಹೇಳುತ್ತೇನೆ. ದಶಕಗಳಿಂದ ಯಾರ್ಯಾರೋ ತಿಕ್ಕಿದ ಪಾಲಿಶ್‌ನ ಸಿಲಿಕೋನ್ ಮೇಲೆಯೇ ಕೂತಿರುತ್ತದೆ. ಒರೆಸದೆ ಉಜ್ಜಿದರೆ ಅದು ಗೀರುಗಳ ಒಳಕ್ಕೆ ಇಳಿಯುತ್ತದೆ. ಮುಂದೆ ಬಣ್ಣ ಬಿದ್ದಾಗ ಆ ಜಾಗದಲ್ಲಿ ಬಣ್ಣ ಕೂರದೆ ಸರಿದು, ಪೇಂಟರುಗಳು ಮೀನುಗಣ್ಣು ಎನ್ನುವ ದುಂಡನೆಯ ಗುಳಿಗಳೇಳುತ್ತವೆ. ಅಷ್ಟು ಹೊತ್ತಿಗೆ ಮಾಡುವುದೇನೂ ಉಳಿದಿರುವುದಿಲ್ಲ, ಮತ್ತೆ ಮೊದಲಿನಿಂದ ಉಜ್ಜಬೇಕು.

ಜಿಡ್ಡು ಹೋದ ಮೇಲೆ ನಾನು ಕೈಗೆತ್ತಿಕೊಳ್ಳುವುದು ಒಂದು ಪುಟ್ಟ ಅಯಸ್ಕಾಂತವನ್ನು. ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡಿನ ಮೇಲೆ ಮೆಲ್ಲಗೆ ಎಳೆಯುತ್ತ ಹೋದರೆ ಎಲ್ಲಿ ಉಕ್ಕಿದೆ, ಎಲ್ಲಿ ಪುಟ್ಟಿ ತುಂಬಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಒಂದು ಕಡೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಒಂದು ಕಡೆ ಹಿಡಿತ ಸಡಿಲವಾಗುತ್ತದೆ, ಇನ್ನೊಂದು ಕಡೆ ಕೈಗೆ ಕಳಚಿಯೇ ಬರುತ್ತದೆ. ಚಕ್ರದ ಕಮಾನಿನ ಹಿಂದೆ ಹಾಗಾಗುವುದು ಹೆಚ್ಚು, ಏಕೆಂದರೆ ಚಕ್ರ ಎರಚುವ ಕೆಸರು ಅಲ್ಲಿ ಒಳಗೆ ಸೇರಿಕೊಳ್ಳುತ್ತದೆ. ಇಲ್ಲಿಯ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ನೆನೆದ ಆ ಕೆಸರು ವರ್ಷಗಟ್ಟಲೆ ಒದ್ದೆಯಾಗಿಯೇ ಕೂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಬಾನೆಟ್ ಮೇಲಂತೂ ಅಯಸ್ಕಾಂತ ನಿಲ್ಲುವುದೇ ಇಲ್ಲ. ಆ ಕಾಲದ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಂನದು. ಅದಕ್ಕೆ ಕೈ ಹಗುರ ಮಾಡಿಕೊಳ್ಳಬೇಕು.

ನಂತರ ಬಣ್ಣದ ಪದರಗಳು. ಎಡಗಡೆಯ ಮುಂದಿನ ಮಡ್‌ಗಾರ್ಡಿನಲ್ಲಿ ಅಂಗೈಯಗಲ ಜಾಗ ಆರಿಸಿಕೊಂಡು 180ರ ಮರಳು ಕಾಗದದಲ್ಲಿ ನಡುವಿನಿಂದ ಹೊರಕ್ಕೆ ಅಂಚು ಇಳಿಸುತ್ತ ಉಜ್ಜಿದೆ. ಧೂಳು ಒರೆಸಿ ನೋಡಿದರೆ ಉಂಗುರದೊಳಗೆ ಉಂಗುರ. ಹೊರಗಿನದು ನಾನು ಕೊಂಡಾಗ ಇದ್ದ ದಟ್ಟ ಕೆಂಪು. ಅದರೊಳಗೆ ಬೂದು ಪ್ರೈಮರ್, ಒಳಗೆ ಹಳದಿಗಟ್ಟಿದ ಬಿಳಿ, ಆಮೇಲೆ ಇಟ್ಟಿಗೆ ಬಣ್ಣದ ಒಂದು ತೆಳುಗೆರೆ. ಆ ಗೆರೆ ದಾಟಿದರೆ ಮಳೆ ಹೊಯ್ದು ಹೊಳವಾದ ಆಕಾಶದ ತಿಳಿನೀಲಿ. ನಟ್ಟನಡುವೆ ಬತ್ತಲೆ ಉಕ್ಕು. ಒಂದೊಂದು ಉಂಗುರದ ಹಿಂದೆಯೂ ಒಬ್ಬರ ತೀರ್ಮಾನ, ಒಬ್ಬರ ಕೈಕೆಲಸ ಇದೆ. ಬಿಳಿ ಹೊಡೆದವರು ನಿಧಾನಸ್ಥರು, ಅವರ ಪದರ ಎಲ್ಲೆಡೆ ಒಂದೇ ದಪ್ಪ. ಕೆಂಪು ಹೊಡೆದವರಿಗೆ ಅವಸರ ಇತ್ತು. ಬಾಗಿಲಿನ ಒಳ ಅಂಚನ್ನೂ ಡಿಕ್ಕಿಯ ಕೆಳಮೈಯನ್ನೂ ಉಜ್ಜದೆ ಹೊಡೆದಿದ್ದರು, ಉಗುರು ತಾಗಿಸಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಯಾರೆಂದು ಗೊತ್ತಿಲ್ಲದ ಈ ಜನರನ್ನು ಅವರ ಕೆಲಸದಿಂದಲೇ ಗುರುತಿಸುತ್ತ ಹೋಗುವುದು ಈ ಹವ್ಯಾಸದಲ್ಲಿ ನನಗೆ ಸಿಕ್ಕ ದೊಡ್ಡ ಸುಖ.

ಕೆಲವರ ಕೆಲಸ ನೋವು ಕೊಡುವುದೂ ಉಂಟು. ಬಲಗಡೆಯ ಸಿಲ್ ಕತ್ತರಿಸಿದಾಗ ಒಳಗಿನಿಂದ ಹಳೆಯ ಪತ್ರಿಕೆಯ ಹಾಳೆಗಳು ಬಂದವು. ಫುಟ್‌ಬಾಲ್ ಪಂದ್ಯಗಳ ಫಲಿತಾಂಶದ ಪುಟವನ್ನು ಮುದ್ದೆ ಮಾಡಿ ತುಕ್ಕಿನ ತೂತಿಗೆ ತುರುಕಿ, ಮೇಲೆ ಪುಟ್ಟಿ ಬಳಿದು, ಅದರ ಮೇಲೊಂದು ತಗಡು ಹೊಚ್ಚಿ ಬೆಸುಗೆ ಹಾಕಿದ್ದರು. ಕಾಗದ ನೀರು ಹೀರುತ್ತದೆ, ಹೀರಿದ ನೀರು ಒಳಗೇ ಉಳಿಯುತ್ತದೆ. ಇಬ್ಬರು ಕೂತು ಓಡಾಡುವ ಗಾಡಿಯ ಬೆನ್ನೆಲುಬಿಗೆ ಹೀಗೆ ಮಾಡಬಾರದಿತ್ತು. ಒಳಗಿನ ಪದರದಿಂದ ಹೊರಗಿನವರೆಗೆ ಎಲ್ಲ ಹೊಸ ತಗಡು ಹಾಕಿಸಿದೆ. ಆ ಕೆಲಸಕ್ಕೊಂದು ಕ್ರಮ ಇದೆ. ಹಳೆಯದನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದು, ಮೈ ಬಾಗದಂತೆ ನೋಡಿಕೊಳ್ಳಬೇಕು. ಬೆಸುಗೆಯ ನಡುನಡುವೆ ಬಾಗಿಲು ತೂಗುಹಾಕಿ ಸುತ್ತಲಿನ ಸಂದು ಅಳೆಯುತ್ತಿರಬೇಕು. ಸುಮಾರು 4 ಮಿಲಿಮೀಟರ್ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬಂದರೆ ಆ ದಿನ ಊಟ ರುಚಿಸುತ್ತದೆ.

ಹಿಂದಿನ ಮಡ್‌ಗಾರ್ಡು ಸಿಲ್‌ಗೆ ಕೂಡುವಂಥ ಕೆಲವು ಜೋಡಣೆಗಳನ್ನು ಕಾರ್ಖಾನೆಯಲ್ಲೇ ಸೀಸ ತುಂಬಿ ಮುಚ್ಚುತ್ತಿದ್ದರು. ಇಲ್ಲಿ ನಾನು ಪುಟ್ಟಿ ಬಳಸಲಿಲ್ಲ, ಸೀಸವನ್ನೇ ಬಳಸಿದೆ. ನಮ್ಮ ಕಡೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಇದರ ಮೊದಲ ಹೆಜ್ಜೆ ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಕಾಯಿಸಿದ ಪಾತ್ರೆಗೆ ನವಸಾಗರ ಎರಚಿ, ತವರ ತಾಗಿಸಿ, ಹತ್ತಿಯಲ್ಲಿ ಸರ್ರನೆ ಒರೆಸುತ್ತಾರೆ. ಇಲ್ಲಿಯೂ ಉಕ್ಕನ್ನು ಬೆಳ್ಳಗೆ ಉಜ್ಜಿ, ತವರದ ಲೇಪ ಹಚ್ಚಿ, ಕಾಯಿಸಿ, ಬಟ್ಟೆಯಲ್ಲಿ ಒರೆಸಿದರೆ ಬೆಳ್ಳಿಯ ಹೊಳಪು ಹಬ್ಬುತ್ತದೆ. ಅದರ ಮೇಲೆ ಸೀಸ 70 ಪಾಲು, ತವರ 30 ಪಾಲು ಬೆರೆತ ಕಡ್ಡಿ. ಈ ಮಿಶ್ರಣ 183 ಡಿಗ್ರಿಗೆ ಮೆತ್ತಗಾಗತೊಡಗಿ 250ರ ಆಸುಪಾಸಿನವರೆಗೂ ಪೂರ್ತಿ ನೀರಾಗುವುದಿಲ್ಲ. ಆ ನಡುವಿನ ಹದದಲ್ಲಿ, ಕೊಬ್ಬು ಸವರಿದ ಮರದ ಹಲಗೆಯಿಂದ ಅದನ್ನು ಒತ್ತಿ, ಸರಿಸಿ, ಬೇಕಾದ ಆಕಾರಕ್ಕೆ ತರಬಹುದು. ಉರಿ ತುಸು ಹೆಚ್ಚಾದರೆ ಎಲ್ಲ ನೆಲಕ್ಕೆ ಸುರಿಯುತ್ತದೆ, ಕಡಿಮೆಯಾದರೆ ಕಾಳುಕಾಳಾಗಿ ನಿಲ್ಲುತ್ತದೆ. ಸೀಸ ವಿಷ, ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಹಾಗಾಗಿ ಅಲ್ಲಿಗೆ ಮೆಷಿನ್ ತಾಗಿಸುವಂತಿಲ್ಲ, ಬಾಗಿದ ಹಲ್ಲಿನ ಅರದಿಂದ ಕೈಯಲ್ಲೇ ಉಜ್ಜಬೇಕು. ಆಗ ಬೀಳುವುದು ದಪ್ಪ ಸಿಪ್ಪೆ, ಗುಡಿಸಿ ತೆಗೆಯುವುದು ಸುಲಭ.

ಟಿಂಕರಿಂಗ್ ಕೆಲಸ ನನಗೆ ಕಲಿಸಿದವರು ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರು. ಜೀವಮಾನವೆಲ್ಲ ತಗಡು ಬಡಿದವರು. ತಗ್ಗಿನ ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು ಮುಂದಿನಿಂದ ಸುತ್ತಿಗೆ ಹಾಕುವಾಗ ಅವರು ಕಣ್ಣಿಗಿಂತ ಕಿವಿಯನ್ನು ನಂಬುತ್ತಿದ್ದರು. ಡಾಲಿ ಸುತ್ತಿಗೆಯ ನೇರಕ್ಕೇ ಇದ್ದರೆ ಟಣ್ ಎಂಬ ಗಟ್ಟಿ ಸದ್ದು, ಅಂಥ ಏಟು ತಗಡನ್ನು ಹಿಗ್ಗಿಸುತ್ತದೆ. ಡಾಲಿಯನ್ನು ತಗ್ಗಿನ ಕೆಳಗೂ ಸುತ್ತಿಗೆಯನ್ನು ಪಕ್ಕದ ಉಬ್ಬಿನ ಮೇಲೂ ಇಟ್ಟರೆ ಸದ್ದು ಮಂಕು, ಆ ಏಟು ತಗಡನ್ನು ಹಿಗ್ಗಿಸದೆ ಅದರ ಜಾಗಕ್ಕೆ ಮರಳಿಸುತ್ತದೆ. ಹೊಸಬರು ತಗ್ಗು ಕಂಡ ಕಡೆಯೇ ಬಡಿಯುತ್ತಾರೆ. ತಗ್ಗಿಗೆ ಕಾರಣವಾದ ಉಬ್ಬನ್ನು ಹುಡುಕಿ ಬಿಡಿಸಿದರೆ ತಗ್ಗು ಮುಕ್ಕಾಲು ತಾನಾಗಿ ಏಳುತ್ತದೆ. ಎಲ್ಲಿ ಹೇಗೆ ಬಿದ್ದಿತೋ ಅದರ ತಿರುವುಮುರುವಾಗಿ ಬಿಡಿಸುತ್ತ ಹೋಗಬೇಕು ಎಂಬುದು ಅವರಿಂದ ಕಲಿತ ಪಾಠ.

ಅಂಗೈಯಿಂದ ನೋಡುವುದನ್ನು ಕಲಿಸಿದವರೂ ಅವರೇ. ತೆಳು ಹತ್ತಿಬಟ್ಟೆಯನ್ನು ತಗಡಿನ ಮೇಲೆ ಹಾಸಿ, ಅದರ ಮೇಲೆ ಕೈ ಚಪ್ಪಟೆಯಾಗಿ ಇಟ್ಟು, ಉದ್ದಕ್ಕೆ ಎಳೆಯಬೇಕು. ಬರಿಗೈ ತೊಡರುತ್ತದೆ. ಬಟ್ಟೆ ಇದ್ದರೆ ಕೈ ಜಾರುತ್ತದೆ, ಅಲೆ ಇದ್ದಲ್ಲಿ ಮಾತ್ರ ಅದು ಏರಿ ಇಳಿದದ್ದು ಗೊತ್ತಾಗುತ್ತದೆ. ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸವರುವ ಬೆರಳು ಸುಮಾರು 13 ನ್ಯಾನೋಮೀಟರ್ ಎತ್ತರದ ಸುಕ್ಕನ್ನೂ ನುಣುಪಿನಿಂದ ಬೇರೆಯಾಗಿ ಗುರುತಿಸಬಲ್ಲದು. ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲೊಂದು ಪಾಲು ಅದು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕಣ್ಣಿಗೆ ಕನ್ನಡಿಯಷ್ಟು ಸಪಾಟಾಗಿ ಕಾಣುವ ಬಾಗಿಲಲ್ಲಿ ಕೈ ನಿಂತು ಇಲ್ಲೇನೋ ಇದೆ ಎಂದು ಹೇಳಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಪುಟ್ಟಿಯನ್ನು ಬಯ್ಯುವವರ ಗುಂಪಿಗೆ ನಾನು ಸೇರಿದವನಲ್ಲ. ತುಕ್ಕು ಮುಚ್ಚಲು ಬಳಸಿದರೆ ಅದು ಮೋಸ. ಸುತ್ತಿಗೆಯಿಂದ ಇನ್ನು ಸಾಗದು ಎನ್ನುವ ಹಂತದಲ್ಲಿ, ಸದೃಢವಾದ ಉಕ್ಕಿನ ಮೇಲೆ ತೆಳ್ಳಗೆ ಎಳೆದರೆ ಅದೊಂದು ಒಳ್ಳೆಯ ಸಾಧನ. ಒಂದು ಎಚ್ಚರಿಕೆ ಮಾತ್ರ ಬೇಕು. ಪುಟ್ಟಿ ನೀರು ಹೀರುತ್ತದೆ, ಆದ್ದರಿಂದ ಅದನ್ನು ನೀರು ಸೋಕಿಸದೆ ಒಣಕಾಗದದಲ್ಲೇ ಉಜ್ಜಬೇಕು.

ಇಷ್ಟಾದ ಮೇಲೆ ದಪ್ಪ ಪ್ರೈಮರ್, ಆಮೇಲೆ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಪ್ರೈಮರ್ ಒಣಗಿದ ಮೇಲೆ ಅದಕ್ಕೆ ಕಪ್ಪು ಪುಡಿಯನ್ನು ತೆಳ್ಳಗೆ ಸವರುತ್ತೇನೆ. ಬೂದು ಮೈಯೆಲ್ಲ ಮಸಿಯಾಗುತ್ತದೆ. ಮೊಳದುದ್ದದ ಸಪಾಟು ಹಲಗೆಗೆ 320ರ ಕಾಗದ ಸುತ್ತಿ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯುತ್ತೇನೆ, ಮತ್ತೆ ಅದಕ್ಕೆ ಅಡ್ಡಲಾಗಿ. ಕಾಗದವನ್ನು ಬರಿ ಬೆರಳಲ್ಲಿ ಹಿಡಿಯಬಾರದು, ಬೆರಳಿನಷ್ಟಗಲದ ಕಾಲುವೆಗಳು ಬೀಳುತ್ತವೆ. ಹತ್ತು ಎಳೆತ ಎಳೆದರೆ ಎತ್ತರದ ಜಾಗಗಳಲ್ಲಿ ಮಸಿ ಹೋಗಿ ಬೂದು ತಲೆ ಎತ್ತುತ್ತದೆ, ತಗ್ಗುಗಳಲ್ಲಿ ಮಸಿ ಕೆರೆಗಳಾಗಿ ನಿಲ್ಲುತ್ತದೆ. ಉಜ್ಜುತ್ತ ಹೋದಂತೆ ಕೆರೆಗಳ ದಂಡೆ ಒಳಕ್ಕೆ ಸರಿಯುತ್ತದೆ. ರೂಪಾಯಿಯಗಲ, ಕಡಲೆಯಷ್ಟು, ಸಾಸಿವೆಯಷ್ಟು, ಆಮೇಲೆ ಇಲ್ಲ. ಮಸಿ ಹೋಗುವ ಮುಂಚೆಯೇ ಪಕ್ಕದಲ್ಲಿ ಉಕ್ಕು ಇಣುಕಿದರೆ ಅಲ್ಲಿಗೆ ನಿಲ್ಲಿಸಿ, ತಗ್ಗಿಗೆ ಇನ್ನೊಂದು ಕೋಟು ಪ್ರೈಮರ್ ಕೊಟ್ಟು, ಮತ್ತೆ ಮಸಿ, ಮತ್ತೆ ಹಲಗೆ. ಅಂಚುಗಳಲ್ಲಿ ಪ್ರೈಮರ್ ತೆಳ್ಳಗಿರುತ್ತದೆ, ಒಂದು ಎಳೆತ ಹೆಚ್ಚಾದರೂ ಕಿತ್ತುಹೋಗುತ್ತದೆ. ಅದಕ್ಕೇ ಅಲ್ಲೊಂದು ಟೇಪು ಅಂಟಿಸಿ ಕಾಪಾಡಿಕೊಂಡು, ಕಡೆಗೆ ಕೈಯಲ್ಲಿ ಮೆತ್ತಗೆ ಮುಗಿಸುತ್ತೇನೆ. ಕೊನೆಯ ಸುತ್ತಿಗೆ 500ರ ನೀರು ಕಾಗದ, ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು.

ಈ ನೀರು ಕಾಗದದ ಕಥೆ ನನಗೆ ಬಹಳ ಇಷ್ಟ. ಮೊದಲೆಲ್ಲ ಕಾರುಗಳನ್ನು ಒಣಕಾಗದದಲ್ಲಿ ಉಜ್ಜಿ ಕೆಲಸಗಾರರು ಸೀಸ ಬೆರೆತ ಬಣ್ಣದ ಧೂಳು ಕುಡಿಯುತ್ತಿದ್ದರು. ಅಮೆರಿಕದ ಫ್ರಾನ್ಸಿಸ್ ಓಕಿ ರೂಪಿಸಿದ, ನೀರಲ್ಲಿ ನೆನೆದರೂ ಹರಿಯದ ಕಾಗದವನ್ನು 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ ರಿಚರ್ಡ್ ಡ್ರೂ ಎಂಬ ಯುವಕ ಆ ಕಾಗದದ ಮಾದರಿಗಳನ್ನು ಹೊತ್ತು ಸೇಂಟ್ ಪಾಲ್ ಊರಿನ ಗ್ಯಾರೇಜಿಗೆ ಹೋದಾಗ, ಎರಡು ಬಣ್ಣದ ಕಾರಿಗೆ ಅಂಟಿಸಿದ್ದ ಪಟ್ಟಿ ಬಿಚ್ಚುವಾಗ ಬಣ್ಣವೂ ಕಿತ್ತು ಬಂದದ್ದನ್ನೂ ಪೇಂಟರನ ಸಿಟ್ಟನ್ನೂ ಕಂಡ. 1925ರಲ್ಲಿ ಅವನು ಮಾಡಿಕೊಟ್ಟ ಮಾಸ್ಕಿಂಗ್ ಟೇಪು ಇವತ್ತು ನನ್ನ ಅಂಚು ಕಾಯುತ್ತಿದೆ. ಎರಡೂ ಹುಟ್ಟಿದ್ದು ನನ್ನಂತೆ ಕಾರಿನ ಮೈ ಉಜ್ಜುತ್ತಿದ್ದವರ ಕಷ್ಟದಿಂದ.

ಬಣ್ಣ ನಾನು ಹೊಡೆಯುವುದಿಲ್ಲ. ಈಗಿನ ಎರಡು ಘಟಕದ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುತ್ತದೆ, ಸ್ಪ್ರೇ ಮಂಜು ಉಸಿರಿಗೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ, ಗಾಳಿ ಸೋಸುವ ಬೂತ್, ಎಲ್ಲ ಇದ್ದವರ ಕೆಲಸ ಅದು. ಮಗಳು ಬಂದು, "ಅಪ್ಪಾ, ಇಷ್ಟೆಲ್ಲ ಉಜ್ಜಿದ್ದು ನೀನು, ಹೆಸರು ಮಾತ್ರ ಅವರಿಗಾ?" ಎಂದು ಕೇಳಿದಳು. "ಬಣ್ಣ ಹೊಳೆದಷ್ಟೂ ಕೆಳಗಿನ ಅಲೆ ಎದ್ದು ಕಾಣುತ್ತೆ ಪುಟ್ಟಾ" ಎಂದೆ. "ಟ್ಯೂಬ್‌ಲೈಟಿನ ಗೆರೆ ಬಾಗಿಲ ಮೇಲೆ ಸೊಟ್ಟಗಾಗದೆ ನೆಟ್ಟಗೆ ಬಿದ್ದರೆ, ಅದೇ ನನ್ನ ಸಹಿ."

ಟ್ರೇಲರ್ ಮೇಲೆ ಕಾರನ್ನು ಒಯ್ದಾಗ ಪೇಂಟರ್ ಮಾತಾಡಲಿಲ್ಲ. ಬೂತಿನ ದೀಪಗಳನ್ನು ಹಾಕಿ, ಜೇಬಿನಿಂದ ಹತ್ತಿಬಟ್ಟೆ ತೆಗೆದು, ಎಡ ಮಡ್‌ಗಾರ್ಡಿನ ತುದಿಯಿಂದ ಬಾಗಿಲು ದಾಟಿ ಹಿಂದಿನ ದೀಪದವರೆಗೆ ಒಂದೇ ಎಳೆತದಲ್ಲಿ ಕೈಯಾಡಿಸಿದ. ಬಲಗಡೆಗೆ ಹೋಗಿ ಅಲ್ಲೂ ಹಾಗೆಯೇ. ಹೊಸ ಸಿಲ್ ಮೇಲೆ, ಸೀಸದ ಜೋಡಣೆಯ ಮೇಲೆ, ಎರಡೆರಡು ಸಲ. ಆಮೇಲೆ ಡಬ್ಬಿಯ ಮೇಲೆ ಬರೆಯಲು ಪೆನ್ನು ತೆಗೆದುಕೊಂಡು ಬಣ್ಣದ ನಂಬರ್ ಕೇಳಿದ. ಉಂಗುರಗಳ ಒಳಗೆ, ಉಕ್ಕಿಗೆ ಅಂಟಿಕೊಂಡಂತೆ ಸಿಕ್ಕಿದ್ದ ಕಾರ್ಖಾನೆಯ ಮೂಲ ನೀಲಿಯನ್ನೇ ಹೇಳಿದೆ: ಬಿಯು 12, ಐರಿಸ್ ಬ್ಲೂ.