ನಡೆಯುತ್ತಿರುವುದನ್ನು ಬದಲಿಸುವುದು

ರಾಮದುರ್ಗದ ಕೈಮಗ್ಗದ ಮನೆಯಲ್ಲಿ ಹಾಸು ಮುಗಿಯುತ್ತ ಬಂದಾಗ ನೇಕಾರನು ಮಗ್ಗವನ್ನು ಬರಿದು ಮಾಡುವುದಿಲ್ಲ. ಹಣಿಗೆಯಲ್ಲಿ ಸೇರಿರುವ ಹಳೆಯ ಎಳೆಗಳ ತುದಿಯನ್ನು ಉಳಿಸಿಕೊಂಡು, ಒಂದೊಂದಕ್ಕೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೆಚ್ಚುತ್ತ ಹೋಗುತ್ತಾನೆ. ಕಣ್ಣು ನೋಯಿಸುವ ಕೆಲಸವದು. ಎಲ್ಲ ಗಂಟುಗಳೂ ಬಿದ್ದ ಬಳಿಕ ಮೆಲ್ಲನೆ ಎಳೆದರೆ ಹಳೆಯದೇ ಹೊಸದನ್ನು ಕೈಹಿಡಿದು ಹಣಿಗೆಯೊಳಕ್ಕೆ ಕರೆತರುತ್ತದೆ. ಸೀರೆ ಅರ್ಧ ನೆಯ್ದಿರುವಾಗ ಹಾಸನ್ನು ಕಿತ್ತು ಬೇರೊಂದನ್ನು ಹೂಡುವ ಅವಿವೇಕ ಅಲ್ಲಿ ಯಾರಿಗೂ ಹೊಳೆಯದು.

ಗಣಕಯಂತ್ರದ ಲೋಕದಲ್ಲಿ ಅದು ಅನೇಕರಿಗೆ ಹೊಳೆದಿದೆ. ಓಡುತ್ತಿರುವ ಪ್ರೋಗ್ರಾಂ ಇಡಿಯಾಗಿ ನೆನಪಿನ ಕೋಶದಲ್ಲಿ ಇರುವುದಿಲ್ಲ. ಬೇಕಾದ ಪುಟಗಳನ್ನು ಬೇಕಾದಾಗ ಫೈಲಿನಿಂದ ಓದಿಕೊಳ್ಳುತ್ತದೆ. ಆ ಫೈಲಿನ ಮೇಲೆಯೇ ಹೊಸ ಆವೃತ್ತಿಯನ್ನು ಬರೆದುಬಿಟ್ಟರೆ ಅರ್ಧ ಹಳೆಯದು, ಅರ್ಧ ಹೊಸದು ಕೂಡಿ, ಯಂತ್ರವು ಎರಡೂ ಅಲ್ಲದ ಮಾತನ್ನಾಡಿ ಕುಸಿಯುತ್ತದೆ. 1969ರಲ್ಲಿ ಹುಟ್ಟಿದ ಯುನಿಕ್ಸ್ ಬಳಗದಲ್ಲಿ ಇದಕ್ಕೊಂದು ಸೊಗಸಾದ ಉಪಾಯವುಂಟು. ಅಲ್ಲಿ ಫೈಲಿನ ಹೆಸರು ಬೇರೆ, ಒಡಲು ಬೇರೆ. ಹೊಸದನ್ನು ಹಳೆಯದರ ಪಕ್ಕದಲ್ಲಿ ಪೂರ್ತಿ ಸಿದ್ಧಪಡಿಸಿ, ಒಂದೇ ಏಟಿಗೆ ಹೆಸರನ್ನು ಅದಕ್ಕೆ ವರ್ಗಾಯಿಸುತ್ತಾರೆ. ಆಮೇಲೆ ಬಂದವರಿಗೆ ಹೊಸದು ಸಿಗುತ್ತದೆ. ಮೊದಲೇ ಕೆಲಸ ಹಿಡಿದವರು ಹಳೆಯದರಲ್ಲೇ ಮುಗಿಸುತ್ತಾರೆ. ಕೊನೆಯವನು ಎದ್ದು ಹೋದ ಮೇಲೆ ಹಳೆಯ ಒಡಲು ಅಳಿಯುತ್ತದೆ. ಮೊಮ್ಮಗನಿಗೆ ಹೆಸರು ಹೋದರೂ ಬದುಕಿರುವ ಅಜ್ಜನಿಗೆ ಕಟ್ಟೆಯ ಮೇಲಿನ ಜಾಗ ತಪ್ಪದು.

ಆದರೆ ಲೆಕ್ಕದ ಪುಸ್ತಕದ ಆಕಾರವೇ ಬದಲಾಗುವಾಗ ಈ ಉಪಾಯ ಸಾಲದು. ಅಂಚೆ ಇಲಾಖೆಯು 2025ರಲ್ಲಿ ತನ್ನ ಹೊಸ ತಂತ್ರಾಂಶವನ್ನು ಮೇ, ಜೂನ್ ತಿಂಗಳುಗಳಲ್ಲಿ ಮೊದಲು ಕರ್ನಾಟಕದಲ್ಲೇ ಪರೀಕ್ಷೆಗಿಟ್ಟಿತು. ಕಂಡ ಕುಂದುಗಳನ್ನು ತಿದ್ದಿ, ಹಂತಹಂತವಾಗಿ ಆಗಸ್ಟ್ 4ರ ಹೊತ್ತಿಗೆ ದೇಶದ 23 ವೃತ್ತಗಳಿಗೂ ಹಬ್ಬಿಸಿತು. ಲೆಕ್ಕಗಳನ್ನು ಸಾಗಿಸಲು ಕಚೇರಿಗಳು ಒಂದು ದಿನ ವ್ಯವಹಾರ ನಿಲ್ಲಿಸಬೇಕಾಯಿತು. ಇದನ್ನು ದೂರುವುದು ನ್ಯಾಯವಲ್ಲ. ಅರ್ಧ ಜಮೆಯಾದ ಹಣಕ್ಕಿಂತ ಮುಚ್ಚಿದ ಕಿಟಕಿ ಮೇಲು.

ಆ ಕಿಟಕಿಯ ಮುಂದೆ ಯಾರು ನಿಂತಿರುತ್ತಾರೆ ಎಂಬುದು ಮಾತ್ರ ತಂತ್ರಾಂಶ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಸವದತ್ತಿಯ ಹಳ್ಳಿಯೊಂದರಿಂದ ಸೆರಗಿನಲ್ಲಿ ಪಾಸ್ ಪುಸ್ತಕ ಕಟ್ಟಿಕೊಂಡು ಬರುವ ಮುದುಕಿಗೆ, ಬಾಗಿಲಿಗೆ ಅಂಟಿಸಿದ ಕಾಗದ ಪೇಟೆಗೆ ಬಂದ ಮೇಲೆಯೇ ಕಾಣುವುದು. ಕಂಡರೂ ಓದು ಬರಬೇಕಲ್ಲ! “ಇವತ್ತ ವ್ಯವಹಾರ ಇಲ್ಲ ಯವ್ವಾ, ನಾಳೆ ಬರ್ರಿ” ಎಂಬ ಮಾತು ಎಷ್ಟು ಮೆದುವಾಗಿದ್ದರೂ ಅದರ ಬೆಲೆ ಒಂದು ದಿನದ ಕೂಲಿ. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ, ನಿಜ. ಕಳೆ ತೆಗೆಯುವ ಹೊಲ ಮಾತ್ರ ಯಾರಿಗೂ ಕಾಯುವುದಿಲ್ಲ.

ಆದುದರಿಂದ ಬದಲಾವಣೆಯ ದಿನವನ್ನು ಗೊತ್ತುಮಾಡುವವರ ಮೇಜಿನ ಮೇಲೆ ಊರಿನ ಪಂಚಾಂಗವೂ ಇರಬೇಕು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಜನಸಾಗರವೇ ಹರಿಯುವಾಗ ಸವದತ್ತಿಯಲ್ಲಿ, ಅಕ್ಟೋಬರ್ 23ರ ಉತ್ಸವಕ್ಕೆ ಕಿತ್ತೂರಿನಲ್ಲಿ, ಹತ್ತಿ ಪೇಟೆಗೆ ಬರುವ ಕಾಲದಲ್ಲಿ ಬೈಲಹೊಂಗಲದಲ್ಲಿ ಇಂಥ ಕೆಲಸಕ್ಕೆ ಕೈಹಾಕಬಾರದು. ಕೆಟ್ಟರೆ ಹಿಂದಿರುಗಲು ಹಳೆಯ ಪ್ರತಿಯನ್ನು ಜೋಪಾನವಾಗಿ ಇಟ್ಟಿರಬೇಕು. ಸುದ್ದಿಗೂ ದಾರಿ ಇಲ್ಲದಿಲ್ಲ. ಹಳ್ಳಿಯ ಡಾಕ್ ಸೇವಕನಿಗೆ ಯಾರ ಮನೆಯಲ್ಲಿ ಪಾಸ್ ಪುಸ್ತಕವಿದೆಯೆಂದು ಗೊತ್ತು. ಎರಡು ದಿನ ಮುಂಚೆ ಅವನ ಕಿವಿಗೆ ಹಾಕಿದರೆ, ಟಪಾಲು ಹಂಚುತ್ತ ಅಂಗಳದಲ್ಲೇ ನಿಂತು ಹೇಳಿ ಹೋಗುತ್ತಾನೆ: “ಬುಧವಾರ ಪೇಟಿಗೆ ಹೋಗಬ್ಯಾಡ್ರಿ, ಗುರುವಾರ ಹೋಗ್ರಿ.”