ಮಾವಿನ ನೆರಳಿಗೆ ಕಾಡರಿಶಿನ

ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ ಹಿತ್ತಲಿರುವ ಮನೆಗಳು ಇನ್ನೂ ಉಳಿದಿವೆ. ಮಾವೋ ಬೇವೋ ಹರಡಿಕೊಂಡ ಮೇಲೆ ಅದರ ಬುಡದಲ್ಲಿ ಏನೂ ಬರುವುದಿಲ್ಲವೆಂದು ಜನ ಕೈಬಿಡುತ್ತಾರೆ. ಸೇವಂತಿಗೆ ಹಚ್ಚಿದರೆ ಸೊರಗುತ್ತದೆ, ಕೊನೆಗೆ ಫರಸಿ ಹಾಸಿಬಿಡುತ್ತಾರೆ. ಆ ಫರಸಿ ಕಂಡಾಗೆಲ್ಲ ನನಗೆ ಸಂಕಟ. ಅಂಥ ನೆರಳಿಗೆಂದೇ ಹುಟ್ಟಿದ ಗಿಡ ಕಲಘಟಗಿಯಾಚೆ ಸಹ್ಯಾದ್ರಿಯ ಕಾಡಿನಲ್ಲಿದೆ: ಕಾಡರಿಶಿನ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅದು ಕರ್ಕ್ಯುಮಾ ಸ್ಯೂಡೋಮೊಂಟಾನಾ. 1839ರಲ್ಲಿ ಜಾನ್ ಗ್ರಹಾಂ ಇಟ್ಟ ಹೆಸರು.

ಮಳೆಗಾಲ ಹಿಡಿದರೆ ನೆಲ ಸೀಳಿಕೊಂಡು ಏಳುತ್ತದೆ. ಅಗಲವಾದ ಎಲೆ, ನಡುವೆ ಹೂಗೊನೆ. ದೂರದಿಂದ ಕಾಣುವ ಗುಲಾಬಿ ಬಣ್ಣ ಹೂವಿನದಲ್ಲ, ಗೊನೆಯ ತುದಿಯ ಪುಷ್ಪಪತ್ರಗಳದ್ದು. ನಿಜವಾದ ಹೂ ಹಳದಿ. ಕೆಳಗಿನ ಹಸಿರು ಪತ್ರಗಳ ಮಡಿಲಲ್ಲಿ ಒಂದೊಂದಾಗಿ ಅರಳುತ್ತದೆ. ಬಗ್ಗಿ ನೋಡಿದವರಿಗಷ್ಟೇ ಅದರ ಭೇಟಿ.

ಹುಬ್ಬಳ್ಳಿ ಕಡೆಯ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಡ್ಡೆ ಕೊಳೆಯುತ್ತದೆ. ಆದ್ದರಿಂದ ಧಾರವಾಡ ಕಡೆಯ ಮಸಾರಿ ಮಣ್ಣು, ಉದುರಿದ ಮಾವಿನೆಲೆ, ಹಳೆಯ ತಿಪ್ಪೆಗೊಬ್ಬರ ಕಲಸಿ ಗೇಣೆತ್ತರದ ಮಡಿ ಮಾಡಬೇಕು. ಮರದಡಿಯ ಎಲೆ ಗುಡಿಸಿ ಸುಡಬಾರದು. ಕಾಡಿನಲ್ಲಿ ಈ ಗಿಡಕ್ಕೆ ಹೊದಿಕೆಯೂ ಊಟವೂ ಅದೇ.

ಇನ್ನೊಂದು ಮಾತು ಹಟ ಹಿಡಿದು ಹೇಳುತ್ತೇನೆ. ಮಳೆ ಮುಗಿದು ಚಳಿ ಬಂದಾಗ ಎಲೆ ಹಳದಿಯಾಗಿ ಮಲಗುತ್ತದೆ. ನೆರೆಮನೆಯ ಅಜ್ಜಿ ಕಂಡು, "ಒಣಗಿ ಹೋತಲ್ಲವಾ, ಅಗದು ಬ್ಯಾರೆ ಏನರ ಹಚ್ಚು" ಅಂದರು. "ಸತ್ತಿಲ್ಲರಿ ಅಮ್ಮಾ, ಮಕ್ಕೊಂಡೈತಿ" ಅಂದೆ. ಬೇರಿನ ತುದಿಯ ಉಬ್ಬುಗಳಲ್ಲಿ ಮುಂದಿನ ಮಳೆಗಾಲದ ಬುತ್ತಿಯಿರುತ್ತದೆ. ಬೇಸಿಗೆಯಲ್ಲಿ ಕನಿಕರದಿಂದ ನೀರು ಹಾಕಿದರೆ ಗಡ್ಡೆಗೆ ಅದೇ ಕುತ್ತು. ಒಂದು ಕೋಲು ನೆಟ್ಟು ಜಾಗ ಗುರುತಿಟ್ಟರೆ ಸಾಕು.

ಗಡ್ಡೆಯನ್ನು ಕಾಡಿಂದ ಮಾತ್ರ ಕಿತ್ತು ತರಬೇಡಿ. ಗಡ್ಡೆ ಹೋದರೆ ಅಲ್ಲಿಯ ಗುಂಪೇ ಹೋದಂತೆ. ಹಿತ್ತಲಲ್ಲಿ ಬೆಳೆಸಿದವರನ್ನು ಕೇಳಿ. ಕೆಲವು ವರ್ಷಗಳಲ್ಲಿ ಮಡಿ ತುಂಬಿಕೊಳ್ಳುತ್ತದೆ. ರೋಹಿಣಿ ಮಳೆಗೆ ಮೊದಲು ಅಗೆದು, ಮೊಳಕೆಯ ಕಣ್ಣಿರುವಂತೆ ಒಡೆದು, ಕೇಳಿದವರಿಗೆಲ್ಲ ಕೊಡಬಹುದು. ಅಜ್ಜಿಯೂ ಈ ಸಲ ಎರಡು ಗಡ್ಡೆ ಕೇಳಿದ್ದಾರೆ.