ಎಣಿಸದೆ ಬಿಟ್ಟ ದಿನಗಳು

ನಮ್ಮ ಮನೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರುಗಳು ಇನ್ನೂ ತೂಗುತ್ತಿವೆ. ಅವುಗಳಲ್ಲಿ ಕೆಲವು ದಿನಗಳಿಗೆ ಅವ್ವ ಕೆಂಪು ಶಾಯಿಯ ಗುರುತು ಹಾಕಿದ್ದಾಳೆ. ತಂಗಿಯ ಕಾಯಿಲೆ ಎರಗಿದ ದಿನಗಳವು.

2011ರ ಮಳೆಗಾಲದಲ್ಲಿ, ಇಪ್ಪತ್ತೇಳರ ಪ್ರಾಯದಲ್ಲಿ, ಅವಳ ಎಡಗಣ್ಣು ಮಂಜಾಯಿತು. ಕೆಲವು ವಾರಗಳಲ್ಲಿ ದೃಷ್ಟಿ ಮರಳಿತು; ನಾವು ಮರೆತೆವು. ಎರಡು ವರ್ಷಗಳ ಬಳಿಕ ಒಂದು ಮುಂಜಾನೆ ಹಾಸಿಗೆಯಿಂದ ಏಳಲಾರದೆ, "ಅಣ್ಣಾ, ಕಾಲು ನನ್ನ ಮಾತು ಕೇಳವಲ್ಲವು" ಎಂದಳು. ಬಗದಲ್‌ನಿಂದ ಬೀದರಿಗೆ, ಅಲ್ಲಿಂದ ಹೈದರಾಬಾದಿಗೆ ಕರೆದೊಯ್ದೆವು. ಎಂ.ಆರ್.ಐ. ಚಿತ್ರ ನೋಡಿದ ನರರೋಗ ತಜ್ಞರು 'ಮಲ್ಟಿಪಲ್ ಸ್ಕ್ಲೆರೋಸಿಸ್' ಎಂದರು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆಯಿದು. ಹೊದಿಕೆ ಸುಲಿದ ವಿದ್ಯುತ್ ತಂತಿಯಂತೆ ನರದ ಸಂದೇಶ ದಾರಿಯಲ್ಲೇ ಸೋರಿಹೋಗುತ್ತದೆ.

ಐದು ದಿನ ಸ್ಟೀರಾಯ್ಡ್ ಕೊಟ್ಟರು. ತಿಂಗಳೊಳಗೆ ಅವಳು ನಡೆದಳು. ಭಾನುವಾರ ದೇವಾಲಯದಲ್ಲಿ ಕಂಡವರೆಲ್ಲ ಸಂತೋಷಪಟ್ಟರು. ಮುಂದೆ ಕಾಯಿಲೆ ಮರುಕಳಿಸದಂತೆ ಚುಚ್ಚುಮದ್ದನ್ನು ತಪ್ಪದೆ ಮುಂದುವರಿಸಬೇಕೆಂದು ವೈದ್ಯರು ಹೇಳಿದ್ದರು. ಅದರ ವೆಚ್ಚ ನಮ್ಮನ್ನು ಬೆದರಿಸಿತು. "ವಾಸಿಯಾದವಳಿಗೆ ಸೂಜಿ ಏಕೆ?" ಎಂದು ಅದನ್ನು ನಿಲ್ಲಿಸಿದವನು ನಾನೇ.

ನಂತರದ ನಾಲ್ಕು ವರ್ಷ ಕ್ಯಾಲೆಂಡರಿನಲ್ಲಿ ಒಂದೂ ಕೆಂಪು ಗುರುತು ಬೀಳಲಿಲ್ಲ. ಆದರೆ ಸಂತೆಗೆ ಒಂದೇ ಉಸಿರಿಗೆ ಹೋಗಿಬರುತ್ತಿದ್ದ ತಂಗಿ ನಡುದಾರಿಯಲ್ಲಿ ಕೂರತೊಡಗಿದಳು. ಆಮೇಲೆ ಗೋಡೆ ಹಿಡಿದಳು. ಬೇಸಗೆಯಲ್ಲಿ ಕಾಲು ಇನ್ನಷ್ಟು ಸೋಲುತ್ತಿದ್ದವು. ನೆರಳಿನಲ್ಲಿ ತಣಿದರೆ ಚೇತರಿಸುತ್ತಿದ್ದವು. ಬಿಸಿಲಿನ ಆಯಾಸವೆಂದುಕೊಂಡೆವು. ಬಿಸಿ ಏರಿದಾಗ ಹಳೆಯ ಲಕ್ಷಣಗಳು ತಲೆಯೆತ್ತುವುದು ಈ ಕಾಯಿಲೆಯ ಸ್ವಭಾವ, ಅದು ಹೊಸ ಮರುಕಳಿಕೆಯಲ್ಲ ಎಂಬುದು ನಿಜ. ಆದರೆ ಬೇಸಗೆ ಕಳೆದರೂ ಅವಳ ನಡಿಗೆ ಮೊದಲಿನಂತಾಗಲಿಲ್ಲ.

ಮತ್ತೆ ವೈದ್ಯರ ಮುಂದೆ ಕುಳಿತಾಗಲೇ ನಮ್ಮ ಲೆಕ್ಕದ ತಪ್ಪು ತಿಳಿದದ್ದು. ಫ್ರಾನ್ಸಿನ ಲಿಯಾನ್ ನಗರದ ಸಂಶೋಧಕರು 1,844 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಒಂದು ವರದಿ ಪ್ರಕಟಿಸಿದರು. ನಡಿಗೆ ಕುಂದಿ ಒಂದು ಹಂತ ಮುಟ್ಟಿದ ಮೇಲೆ, ಮರುಕಳಿಕೆಗಳು ಬಂದವರಲ್ಲೂ ಬಾರದವರಲ್ಲೂ ವೈಕಲ್ಯ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯಿತು. ಕೆನಡಾದ ದೀರ್ಘಕಾಲದ ಅಧ್ಯಯನವೊಂದು ಇನ್ನೊಂದು ಮುಖವನ್ನು ತೋರಿತು: ಮೊದಲೆರಡು ವರ್ಷಗಳಲ್ಲಿ ಪದೇ ಪದೇ ಮರುಕಳಿಸಿದವರಿಗೆ ವೈಕಲ್ಯ ಬೇಗ ಬಂದಿತ್ತು. ಎಂದರೆ ಆರಂಭದ ಮರುಕಳಿಕೆಗಳನ್ನು ತಡೆಯುವುದು ಮುಖ್ಯ. ಆದರೆ ಮರುಕಳಿಕೆ ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಮಲಗಿದೆ ಎಂದಲ್ಲ. ಸ್ಟೀರಾಯ್ಡ್ ಚೇತರಿಕೆಯನ್ನು ಬೇಗನೆ ತರುತ್ತದೆ, ಮುಂದಿನ ವರ್ಷಗಳನ್ನು ಕಾಯುವುದಿಲ್ಲ. ಅದಕ್ಕೆ ಬೇರೆಯೇ ಔಷಧಿಗಳಿವೆ. ಅವನ್ನು ಬೇಗ ಆರಂಭಿಸಬೇಕು.

ಇದು ಪರದೇಶದವರ ಕಾಯಿಲೆ ಎಂದು ಬಹುಕಾಲ ನಂಬಲಾಗಿತ್ತು. ಮಂಗಳೂರಿನ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಆ ನಗರದಲ್ಲಿ ಸಮೀಕ್ಷೆ ನಡೆಸಿ, ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಇದು ಇದೆಯೆಂದು 2014ರಲ್ಲಿ ಪ್ರಕಟಿಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು 21 ವೈಕಲ್ಯಗಳ ಪಟ್ಟಿಗೆ ಸೇರಿಸಿದೆ.

ತಂಗಿ ಈಗ ಔಷಧಿ ತಪ್ಪಿಸುವುದಿಲ್ಲ. ಕಳೆದುಹೋದ ನಡಿಗೆ ಮರಳಿಲ್ಲ, ಕೋಲು ಜೊತೆಯಾಗಿದೆ. ನಾನು ಕ್ಷಮೆ ಕೇಳಿದ ದಿನ ಅವಳು, "ನಿನಗೂ ಗೊತ್ತಿರಲಿಲ್ಲಲ್ಲ ಅಣ್ಣಾ" ಎಂದಳು. ಆ ಮಾತು ನನ್ನ ಹೊರೆಯನ್ನು ಇಳಿಸಿತು, ಹೊಣೆಯನ್ನಲ್ಲ. ಈಗ ಮನೆಬಾಗಿಲಿನಿಂದ ಬೇವಿನ ಮರದವರೆಗೆ ಅವಳು ಎಷ್ಟು ಸಲ ನಿಂತಳೆಂದು ಪ್ರತಿ ವಾರ ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ; ವೈದ್ಯರು ಮೊದಲು ಕೇಳುವುದು ಅದನ್ನೇ.

ಆತ್ಮೀಯ ಓದುಗರೇ, ನಿಮ್ಮ ಮನೆಯಲ್ಲೂ ದೀರ್ಘಕಾಲದ ರೋಗಿಯೊಬ್ಬರು ಇರಬಹುದು. ಅವರು ಬಿದ್ದ ದಿನ ನಾವೆಲ್ಲ ಓಡಿಬರುತ್ತೇವೆ. ಬೀಳದ ದಿನಗಳಲ್ಲೂ ಅವರ ಪಕ್ಕದಲ್ಲಿ ಒಂದಿಷ್ಟು ದೂರ ನಡೆದು ನೋಡೋಣ.